ಮೇಷ್ಟ್ರಿಗೂ ಒಬ್ಬ ಮೇಷ್ಟ್ರು

ಮೋಡ ಕಂಡರೆ ನವಿಲು ಕುಣಿಯುತ್ತದಂತೆ. ನಮ್ಮ ಮನೆಯಲ್ಲಿ ಮೋಡ ಕಂಡರೆ ನನ್ನ ಹೆಂಡತಿ ರಜನಿ ಟಾರ್ಪಾಲು ಎಳೆದುಕೊಂಡು ಓಡುತ್ತಾಳೆ. ಕಣದಲ್ಲಿ ಹರವಿದ ಕಾಫಿ ನೆನೆದರೆ ವರ್ಷದ ದುಡಿಮೆಗೇ ಬೂಷ್ಟು. (ಆಗ ನಾನೆಲ್ಲಿರುತ್ತೇನೆ ಎನ್ನಬೇಡಿ. ನಾನು ಮಧ್ಯಾಹ್ನ ಕಣ್ಣು ಮುಚ್ಚುವುದನ್ನೇ ಕಾದು ಸುರಿಯುವುದು ನಮ್ಮೂರು ಅತ್ತಿಗುಂಡಿಯ ಮೋಡಗಳ ಹಳೇ ಚಾಳಿ.)

"ಭಾನುವಾರ ಕಳಸದಲ್ಲಿ ತಂಗಿ ಮನೆ ಗೃಹಪ್ರವೇಶ. ನಾನು ಹೋದ್ರೆ ಕಣ ಕಾಯೋರ್ಯಾರು?" ಅಂದಳು.

"ಯಂತ್ರ ಕಾಯುತ್ತೆ," ಅಂದೆ.

ಮೊದಲ ಹನಿ ಬಿದ್ದ ಕೂಡಲೇ ಗಂಟೆ ಬಾರಿಸುವ ಯಂತ್ರ. ವಿಡಿಯೊದಲ್ಲಿ ಯಾರೋ ಹತ್ತು ನಿಮಿಷದಲ್ಲಿ ಮಾಡಿದ್ದರು; ನಾನಾದರೋ ಬಿ.ಕಾಂ. ರಜನಿ ಆಗಲೇ ತಂಗಿಗೆ ಫೋನು ಮಾಡಿ, ಯಂತ್ರದ ವಿಷಯ ಹೇಳಿ, ಬರುತ್ತೇನೆಂದು ಮಾತು ಕೊಟ್ಟುಬಿಟ್ಟಳು.

ಯಂತ್ರದ ಮೆದುಳು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್. ಅಂಗಡಿಯಿಂದ ಬರುವಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಬರೆದ ಪಾಠವನ್ನು ಅದರ ತಲೆಗೆ ತುಂಬಲು ಪ್ರೋಗ್ರಾಮರ್ ಎಂಬ ಇನ್ನೊಂದು ಸಾಧನ ಬೇಕು. ಮೇಷ್ಟ್ರು ಇದ್ದ ಹಾಗೆ.

ಚಿಕ್ಕಮಗಳೂರಿನಲ್ಲಿ ರಿಪೇರಿ ಅಂಗಡಿಯ ಶಶಿಧರ್ ಮೂರು ಮೇಷ್ಟ್ರುಗಳನ್ನು ಮುಂದಿಟ್ಟ. ಮೊದಲನೆಯದರ ಬೆಲೆ ಕೇಳಿ ದೂರದಿಂದಲೇ ಕೈಮುಗಿದೆ. ಎರಡನೆಯದು ಐನೂರು. "ಹೊಸಬರಿಗೆ ಇದೇ ಸರಿ ಮಾರಾಯ್ರೆ, ಚುಚ್ಚಿದ್ರೆ ಆಯ್ತು." ಮೂರನೆಯದು ಪೊಟ್ಟಣದಲ್ಲಿ ಬಿಡಿಬಿಡಿಯಾಗಿ, ನಾವೇ ಬೆಸೆದುಕೊಳ್ಳಬೇಕಾದ ಕಿಟ್, ಇನ್ನೂರಕ್ಕೆ.

"ಅದು ಬೇಡ, ಅದ್ರಲ್ಲಿ..." ಎಂದು ಅವನು ಶುರುಮಾಡುತ್ತಿದ್ದಂತೆ ಕೈಯೆತ್ತಿ ತಡೆದೆ. ಗಿಡದಿಂದ ಕಿತ್ತ ಹಸಿ ಚೆರಿ ಹಣ್ಣು ಅಗ್ಗ, ಸಿಪ್ಪೆ ಬಿಡಿಸಿ ಕ್ಯೂರಿಂಗ್ ಆದ ಕಾಫಿ ದುಬಾರಿ. ನಡುವಿನ ಲಾಭ ಯಾರ ಜೇಬಿಗೆಂದು ಬೆಳೆಗಾರನಾದ ನನಗೇ ಇವನು ಹೇಳಿಕೊಡುತ್ತಾನೆ.

"ನಮ್ಮ ಕ್ಯೂರಿಂಗ್ ನಾವೇ ಮಾಡ್ಕೊಳ್ತೀವಿ ಬಿಡು," ಎಂದು ಪೊಟ್ಟಣ ಎತ್ತಿಕೊಂಡೆ.

ಮೂರು ದಿನ ಬೆಸುಗೆ ಹಾಕಿದೆ. ನನ್ನ ಎರಡು ಬೆರಳು, ಊಟದ ಮೇಜಿನ ಒಂದು ಮೂಲೆ ಈ ಮಹಾಯಜ್ಞಕ್ಕೆ ಆಹುತಿಯಾದವು. ಶನಿವಾರ ಸಂಜೆ ಲ್ಯಾಪ್‌ಟಾಪಿಗೆ ಚುಚ್ಚಿದರೆ, ಅದು ಮೇಷ್ಟ್ರ ಗುರುತೇ ಇಲ್ಲ ಎಂದಿತು. ಶಶಿಧರನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದೆ.

"ಅದನ್ನೇ ಹೇಳಕ್ಕೆ ಹೊರಟಿದ್ದೆ ಮಾರಾಯ್ರೆ. ಆ ಕಿಟ್ ಒಳಗೂ ಒಂದು ಚಿಪ್ ಇದೆ, ಅದೂ ಖಾಲಿ. ಮೊದ್ಲು ಅದಕ್ಕೆ ಪಾಠ ತುಂಬಬೇಕು."

"ಯಾವುದ್ರಿಂದ?"

"ಇನ್ನೊಂದು ಪ್ರೋಗ್ರಾಮರಿಂದ."

ಚೀಲಕ್ಕೆ ಸೀರೆ ಇಡುತ್ತಿದ್ದ ರಜನಿ ತಿರುಗಿ ನೋಡಿದಳು. "ಮೇಷ್ಟ್ರೇ ಅಕ್ಷರ ಕಲ್ತಿಲ್ಲ ಅನ್ನಿ." ಇಟ್ಟ ಸೀರೆ ತೆಗೆಯುತ್ತಾಳೆಂದು ಕಾದೆ. ಚೀಲದ ಜಿಪ್ ಎಳೆದಳು.

ಭಾನುವಾರ ಬಸ್ಸಿಗೆ ಹೊರಡುವ ಮುಂಚೆ ಕಣದ ನಡುವೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು, ಕೈಗೆ ಟಾರ್ಪಾಲಿನ ಹಗ್ಗ ಕೊಟ್ಟಳು, ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಬೋರಲು ಹಾಕಿದಳು.

"ಇದೇನೇ?"

"ಬಿಸಿಲಿಗೂ ಆಗುತ್ತೆ, ಇರ್ಲಿ."

ಊಟವಾದ ಮೇಲೆ ಅದೇ ಕುರ್ಚಿಯಲ್ಲಿ ಎಂದಿನಂತೆ ಕಣ್ಣು ಮುಚ್ಚಿತು. ಎಂದಿನಂತೆ ಮೋಡವೂ ಬಂತು. ಬೋಗುಣಿಯ ಮೇಲೆ ಟಣ್. ಬೆಚ್ಚಿಬಿದ್ದು ಎದ್ದವನೇ ಹಗ್ಗ ಎಳೆದೆ. ಒಂದು ಕಾಳೂ ನೆನೆಯಲಿಲ್ಲ.

ಸಂಜೆ ರಜನಿಯ ಫೋನು ಬಂತು. ಕಾಫಿ ಉಳಿದ ಸುದ್ದಿ ಹೇಳಿದೆ. ಪಕ್ಕದಲ್ಲಿದ್ದ ಅವಳ ತಂಗಿ ಕುಸುಮಾ ಅಲ್ಲಿಂದಲೇ ಕೂಗಿದಳು: "ಭಾವ, ಕಾಫಿ ಉಳೀತಂತಲ್ಲ. ನಮ್ಮ ಕಣಕ್ಕೂ ಆ ಯಂತ್ರ ಒಂದು ಮಾಡ್ಕೊಡಿ."

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರಜನಿಯ ದನಿ ಕೇಳಿತು. "ಅವ್ರನ್ಯಾಕೆ ಕೇಳ್ತೀಯ? ಒಂದು ಬೋಗುಣಿ ಸಾಕು. ಕೆಳಗೆ ಕೂರ್ಸಕ್ಕೆ ನಿಂಗೂ ಗಂಡ ಇದ್ದಾನಲ್ಲ."