ಮ್ಯಾನೇಜರರಿಗೆ ಎಂತಹ ನಾಗಸ್ವರದವ ಬೇಕು?

ನಾಗಸ್ವರ ಹಿಡಿದು ಮದುವೆಮನೆ ಹೊಕ್ಕವನಿಗೆ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ಇವತ್ತು ಆಗಲಿಲ್ಲವಲ್ಲ ಎಂದು ವಾದ್ಯವನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಅದು ಆಗಿರುತ್ತದೆ.

ಐವತ್ತರ ದಶಕದ ಕೊನೆಗೆ ನಾನು ಮಂಗಳೂರಿನಿಂದ ಪುತ್ತೂರಿಗೆ ಮನೆಅಳಿಯನಾಗಿ ಬಂದೆ. ಮಾವನದು ಗೋಲಿಸೋಡದ ಅಂಗಡಿ. ಓಲಗದ ಕೆಲಸ ಸಿಗದಿದ್ದರೆ ಅಲ್ಲಿ ಬಾಟಲಿ ತೊಳೆಯಬೇಕು. ಮಾವ ಇದನ್ನು ದಿನಕ್ಕೆರಡು ಸಲ ನೆನಪಿಸುತ್ತಿದ್ದರು. ಸುಳ್ಯ, ಕಡಬದವರೆಗಿನ ಮದುವೆಗಳಿಗೆ ಓಲಗದವರನ್ನು ಗೊತ್ತುಮಾಡಿ ಕಳಿಸುವವರು ಪೇಟೆಯಲ್ಲಿ ಒಬ್ಬರಿದ್ದರು. ಚಪ್ಪರದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಅವರದು. ಊರಿಗೆಲ್ಲ ಅವರು ಮ್ಯಾನೇಜರು. ಇವರಿಗೆ ಎಂತಹ ವಾದ್ಯಗಾರ ಹಿಡಿಸುತ್ತಾನೆ ಎಂಬ ಕುತೂಹಲ ನನ್ನನ್ನು ನಿದ್ದೆಗೆಡಿಸಿತ್ತು.

೧. ಮೊದಲ ಪ್ರಶ್ನೆ

ಅವರೆದುರು ಅರ್ಧ ಗಂಟೆ ಕಲ್ಯಾಣಿ ರಾಗ ಊದಿದೆ. ಅವರು ಹಗ್ಗ ಸುತ್ತುತ್ತಾ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ.

"ನಿನಗೆ ಸಂಕ ದಾಟ್ಲಿಕ್ಕೆ ಬರ್ತದಾ?"

ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಹಾಕಿದ ಅಡಿಕೆಮರದ ಸೇತುವೆಗೆ ಇಲ್ಲಿ ಸಂಕ ಅನ್ನುತ್ತಾರೆ. "ನಾನು ವಾದ್ಯದವ, ಸರ್ಕಸ್ಸಿನವ ಅಲ್ಲ" ಎಂದೆ.

"ಆಯ್ತು. ಮೂರು ಮದುವೆ ಕೊಡ್ತೇನೆ. ಜನ ನಿನ್ನನ್ನೇ ಪುನಃ ಬೇಕು ಹೇಳಿದ್ರೆ ಇಡೀ ಸೀಸನ್ ನೀನೇ. ಇಲ್ಲದಿದ್ರೆ ಮಾವನ ಅಂಗಡಿ ಉಂಟಲ್ಲ."

ಮೊದಲನೆಯದು ಹತ್ತಿರದ ಸವಣೂರಿನಾಚೆ. ಗಂಡಿನ ದಿಬ್ಬಣಕ್ಕೆ ಓಲಗದವರೇ ಮುಂದೆ. ನಮ್ಮನ್ನು ದಾಟಿ ಯಾರೂ ಹೋಗುವ ಕ್ರಮವಿಲ್ಲ. ಊದುತ್ತಾ ಹೋದವನಿಗೆ ಸಂಕ ಸಿಕ್ಕಿತು. ನಡುವಿಗೆ ಬಂದು ಕೆಳಗೆ ನೋಡಿದೆ. ಕಾಲು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಿಂದೆ ಇಡೀ ದಿಬ್ಬಣ ನಿಂತಿತು. ಕೊನೆಗೆ ಮದುಮಗನೇ ಬಂದು, ನನ್ನ ನಾಗಸ್ವರವನ್ನು ಕಂಕುಳಲ್ಲಿ ಇರುಕಿಕೊಂಡು, ಹಿಂದಿನಿಂದ ನನ್ನ ಸೊಂಟ ಹಿಡಿದು ದಾಟಿಸಿದ.

ಆಚೆ ದಡದಲ್ಲಿ ಮದುಮಗನ ಕಾಲು ತೊಳೆಯಲು ನೀರು ಹಿಡಿದು ನಿಂತಿದ್ದರು. ಅವರಲ್ಲಿದ್ದ ಹೆಣ್ಣಿನ ಅಜ್ಜಿಗೆ ಕಣ್ಣು ಮಂಜು. ಜರಿಶಾಲು ಹೊದ್ದು ಬೆವರುತ್ತಾ ಮೊದಲು ಬಂದ ನನ್ನ ಕಾಲಿಗೇ ಅವರು ಚೊಂಬಿನ ನೀರು ಸುರಿದರು. ಮತ್ತೆ ಹಿಂದೆ ನಾಗಸ್ವರ ಹಿಡಿದು ನಿಂತವನನ್ನು ನೋಡಿ, "ಓಲಗದವನಿಗೆ ಬೇಗ ಎಂತಾದರೂ ತಿನ್ಲಿಕ್ಕೆ ಕೊಡಿ, ಪಾಪ, ಬಡಕಲು ಹುಡುಗ" ಅಂದರು.

೨. ಕಲ್ಯಾಣಿಯ ಗುಂಗು

ಎರಡನೆಯದು ಸುಳ್ಯದ ಕಡೆ. ಸಂಕ ಇಲ್ಲವೆಂದು ಮೊದಲೇ ವಿಚಾರಿಸಿಕೊಂಡಿದ್ದೆ. ಇವತ್ತು ವಿದ್ಯೆ ತೋರಿಸಿಯೇ ಸಿದ್ಧವೆಂದು ಕಣ್ಣು ಮುಚ್ಚಿ ಕಲ್ಯಾಣಿ ಎತ್ತಿದೆ.

ತಾಳಿ ಕಟ್ಟುವ ಹೊತ್ತಿಗೆ ಪುರೋಹಿತ ಭಟ್ಟರು ಕೈ ಎತ್ತುತ್ತಾರೆ. ತಕ್ಷಣ ನಾವು ರಾಗ ಬಿಟ್ಟು ಗಟ್ಟಿಮೇಳ ಹೊಡೆಯಬೇಕು. ಭಟ್ಟರು ಎತ್ತಿದರಂತೆ, ಒಂದಲ್ಲ, ಮೂರು ಸಲ. ನಾಗಸ್ವರ ಏಳದೆ ಡೋಲಿನವರು ಹೊಡೆಯುವ ಹಾಗಿಲ್ಲ. ಅವರು ಕೋಲಿನಿಂದ ನನ್ನ ಪಕ್ಕೆಗೆ ತಿವಿದರು. ಅವರಿಗೆ ರಾಗ ಹಿಡಿಸಿದೆ ಎಂದು ನಾನು ಇನ್ನೊಂದು ಸುತ್ತು ವಿಸ್ತರಿಸಿದೆ. ಕೊನೆಗೆ ಭಟ್ಟರು ಎಸೆದ ಗೋಟಡಿಕೆ ಮೂಗಿಗೆ ಬಿದ್ದಾಗ ಕಣ್ಣು ಬಿಟ್ಟೆ.

ಹೊರಡುವಾಗ ಹೆಣ್ಣಿನ ತಾಯಿ ಡೋಲಿನವರ ಹತ್ತಿರ ಮೆಚ್ಚಿ ಹೇಳಿದರಂತೆ: "ನಿದ್ದೆಯಲ್ಲಿಯೂ ಎಷ್ಟು ಚಂದ ಊದ್ತಾನೆ ಮಾರಾಯ್ರೆ."

೩. ಕಣ್ಣು ಬಿಟ್ಟವನು

ಮ್ಯಾನೇಜರು ಬೈಯಲಿಲ್ಲ. "ಇನ್ನೊಂದು ಉಂಟು, ಕಡಬದಲ್ಲಿ. ನಾನೂ ಬರ್ತೇನೆ. ಕಣ್ಣು ಬಿಟ್ಟು ಊದು" ಎಂದರು, ಅಷ್ಟೆ. ನನಗೆ ಬೈಗುಳವೇ ವಾಸಿ ಎನಿಸಿತು.

ಕಡಬದಲ್ಲಿ ಮುಹೂರ್ತ ಇದ್ದದ್ದು ಒಂದು ಗಂಟೆಗೆ. ಅಡಿಗೆ ಆಗಿ ಸಾರಿನ ಪರಿಮಳ ಚಪ್ಪರಕ್ಕೆಲ್ಲ ಹಬ್ಬಿತ್ತು. ಮ್ಯಾನೇಜರು ಎದುರಲ್ಲೇ ಕುಳಿತಿದ್ದರು. ನಾನು ರೆಪ್ಪೆ ಬಡಿಯದೆ ಭಟ್ಟರ ಕೈಯನ್ನೇ ನೋಡುತ್ತಾ ಊದಿದೆ. ಯಾವ ರಾಗ ಎಂದು ನನಗೇ ಗೊತ್ತಿಲ್ಲ.

ಹನ್ನೆರಡಕ್ಕೆ ಭಟ್ಟರ ಕೈ ಮೇಲೆದ್ದಿತು. ನಾನು ಇದ್ದ ಉಸಿರೆಲ್ಲ ಹಾಕಿ ಗಟ್ಟಿಮೇಳ ಎತ್ತಿದೆ, ಡೋಲು ಗುಡುಗಿತು. ಇಡೀ ಚಪ್ಪರ ಎದ್ದು ನಿಂತು ಅಕ್ಷತೆ ಹಾಕಿತು. ಹಾಕಿದವರು ಹಾಗೆಯೇ ತಿರುಗಿ ಊಟದ ಚಪ್ಪರಕ್ಕೆ ನಡೆದರು. ಬಡಿಸುವವರು ಬಡಿಸಿಯೇ ಬಿಟ್ಟರು.

ಭಟ್ಟರು ಎತ್ತಿದ ಕೈಯಲ್ಲೇ ನನ್ನನ್ನು ನೋಡಿದರು. "ನಾನು ತುಪ್ಪ ತನ್ನಿ ಹೇಳಿದ್ದು. ನಡುವಿನ ಪರದೆ ಸಹ ತೆಗೆದಿಲ್ಲ ಮಾರಾಯಾ."

ಒಂದು ಗಂಟೆಗೆ ನಿಜವಾದ ತಾಳಿ ಕಟ್ಟುವಾಗ ಮಂಟಪದೆದುರು ಉಳಿದದ್ದು ಮನೆಯವರು, ಭಟ್ಟರು, ಮ್ಯಾನೇಜರು, ನಾವು. ಎರಡನೆಯ ಗಟ್ಟಿಮೇಳ ಕೇಳಿದಾಗ ಊಟಕ್ಕೆ ಕೂತವರು ಪಾಯಸದಲ್ಲಿದ್ದರು. ಎಲೆ ಬಿಟ್ಟು ಏಳುವ ಹಾಗಿಲ್ಲ, ಬಲಗೈ ಎಂಜಲು. ಇಡೀ ಪಂಕ್ತಿ ಕೂತಲ್ಲಿಂದಲೇ ಎಡಗೈ ಎತ್ತಿ ವಧೂವರರನ್ನು ಹರಸಿತು.

ಮರುದಿನ ಬೆಳಿಗ್ಗೆ ಮ್ಯಾನೇಜರರ ಅಂಗಡಿಗೆ ಹೋದೆ. ಅವರು ಬೇಡ ಹೇಳುವ ಮೊದಲೇ ಈ ಕೆಲಸ ನಾನೇ ಬಿಟ್ಟೆ ಎಂದು ಹೇಳಿಬಿಡುವುದು ಮರ್ಯಾದೆ. ಅಲ್ಲಿ ಕೆದಂಬಾಡಿಯ ಹಿರಿಯರೊಬ್ಬರು ಕುಳಿತಿದ್ದರು. ಮಗಳ ಮದುವೆಗೆ ಓಲಗ ಗೊತ್ತುಮಾಡಲು ಬಂದವರು. ನಿನ್ನೆ ಅವರೂ ಕಡಬದಲ್ಲಿದ್ದರು.

"ನನಗೆ ನಿನ್ನೆಯ ಓಲಗದವನೇ ಬೇಕು" ಎಂದರು.

ಮ್ಯಾನೇಜರು ನನ್ನ ಮುಖ ನೋಡಿ, ಅವರನ್ನು ಕೇಳಿದರು: "ಎಂತಕ್ಕೆ? ಅಷ್ಟು ಚಂದ ಊದಿದನಾ?"

"ಊದಿದ್ದು ಎಂತದೋ, ನನಗೆ ಸಂಗೀತ ಗೊತ್ತಿಲ್ಲ. ನನಗೆ ಅರುವತ್ತು ದಾಟಿತು. ಹನ್ನೆರಡು ಗಂಟೆಗೆ ಮದುವೆ ಊಟಕ್ಕೆ ಕೂತದ್ದು ನಿನ್ನೆಯೇ ಮೊದಲು. ನಮ್ಮ ಮುಹೂರ್ತವೂ ಸ್ವಲ್ಪ ತಡವೇ ಉಂಟು."

ಅವರು ಹೋದ ಮೇಲೆ ಮ್ಯಾನೇಜರು ಗಲ್ಲ ಕೆರೆದುಕೊಂಡರು. ಇಷ್ಟು ವರ್ಷ ಓಲಗದವರನ್ನು ಕಳಿಸಿದವರಿಗೆ ಜನರಿಗೆ ಬೇಕಾದದ್ದು ಏನೆಂದು ಆಗಷ್ಟೇ ಹೊಳೆದಂತಿತ್ತು.

"ಇಡೀ ಸೀಸನ್ ನೀನೇ" ಎಂದರು. "ಆದ್ರೆ ತಾಳಿ ಕಟ್ಟುವಾಗಲೂ ಒಮ್ಮೆ ಊದು, ಮರೀಬೇಡ."