ನಡುವಿನ ಗಾಜು

ಗ್ರಂಥಪಾಲಕರು ಬಾಳಿನಲ್ಲಿ ಬಯಸಿದ್ದು ಒಂದನ್ನೇ: ಕಾರು ಓಡಿಸುವಾಗ ಮೌನ. ಕಾಲೇಜಿನ ವಾಚನಾಲಯದಲ್ಲಿ ಅವರು ಹುಬ್ಬೇರಿಸಿದರೆ ಕುರ್ಚಿಗಳೂ ಕಿರುಗುಟ್ಟಲು ಅಂಜುತ್ತಿದ್ದವು. ಸ್ಟೀರಿಂಗ್ ಹಿಡಿದರೆ ಮಾತ್ರ ಪಕ್ಕದಲ್ಲಿ ಹೆಂಡತಿ. ಆಕೆ ಶಾಲೆಯ ವ್ಯಾಯಾಮ ಶಿಕ್ಷಕಿ. ಮೈದಾನದ ಆಚೆ ತುದಿ ಮುಟ್ಟುವಂತೆ ಪಳಗಿದ ಕಂಠ.

"ರೀ, ಆ ಸೈಕಲ್ಲಿನವನು ನಿಮ್ಮನ್ನ ನೋಡಿದಾನೆ. ನೀವು ಅವನನ್ನ ನೋಡಿದ್ರಾ?"

ಆದ್ದರಿಂದಲೇ, ತೀರಿಹೋದ ಸೋದರಮಾವನ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿದ್ದ ಇಂಗ್ಲೆಂಡಿನ ಹಳೆಯ ಲಿಮೊಸಿನ್ ಯಾರಿಗೂ ಬೇಡವಾದಾಗ, ಅವರು "ನನಗಿರಲಿ" ಎಂದರು. ಹಡಗಿನಂಥ ಉದ್ದ, ಕನ್ನಡಿಯಂತೆ ಹೊಳೆಯಬಲ್ಲ ಮರದ ಡ್ಯಾಶ್‌ಬೋರ್ಡು. ಬಂಧುಗಳು ಅವರ ಅಭಿರುಚಿಯನ್ನು ಕೊಂಡಾಡಿದರು. (ಅವರ ಕಣ್ಣಿದ್ದುದು ಬೇರೆಡೆ. ಚಾಲಕನಿಗೂ ಹಿಂದಿನ ಸೀಟಿಗೂ ನಡುವೆ, ಏರಿಸಿದರೆ ಪಿಸುಮಾತೂ ದಾಟದಂಥ ದಪ್ಪ ಗಾಜಿತ್ತು.)

"ಹುಟ್ಟಿದ ದಿನ ಹೇಗಿತ್ತೋ ಹಾಗೇ ಆಗಬೇಕು" ಎಂದು ಮೆಕ್ಯಾನಿಕ್‌ಗೆ ಅಪ್ಪಣೆಯಾಯಿತು.

"ಹಿಂದುಗಡೆ ಒಂದು ಗುಂಡಿ ಇದೆ ಸಾರ್, ವೈರು ಕಟ್ಟಾಗಿದೆ. ಬಿಟ್ಟುಬಿಡ್ಲಾ? ಅದು ಏನಕ್ಕೆ ಅಂದ್ರೆ..."

"ಏನಕ್ಕಾದರೂ ಇರಲಿ. ಒಂದನ್ನೂ ಬಿಡಕೂಡದು."

ನಾದಿನಿಯ ಮನೆಗೆ ಊಟಕ್ಕೆ ಹೊರಟ ಭಾನುವಾರ, ಗ್ರಂಥಪಾಲಕರು ಗಾಜನ್ನು ಮೊದಲೇ ಏರಿಸಿ, ಹಿಂದಿನ ಬಾಗಿಲು ತೆರೆದು ಬಾಗಿದರು.

"ಮಹಾರಾಣಿಯವರು ದಯಮಾಡಿಸಬೇಕು."

"ಇದೇನ್ರೀ ಇಷ್ಟು ಮರ್ಯಾದೆ? ಮನೇಲಿ ಏನು ಒಡೆದು ಹಾಕಿದೀರಿ?"

ಮೊದಲ ತಿರುವಿನಲ್ಲಿ ಕನ್ನಡಿಯೊಳಗೆ ಹೆಂಡತಿಯ ತುಟಿ ಆಡಿತು, ಬೆರಳು ಎಡಕ್ಕೆ ಚಾಚಿತು, ಸದ್ದಿಲ್ಲ. ಸಾಕ್ಷಾತ್ ಮೂಕಿಚಿತ್ರ! ಎರಡನೆಯ ತಿರುವಿಗೆ ಗ್ರಂಥಪಾಲಕರು ಸಿಳ್ಳೆ ಹಾಕತೊಡಗಿದ್ದರು. ಅಷ್ಟರಲ್ಲಿ, ಕೂತು ಬೇಸತ್ತ ಹೆಂಡತಿಯ ಕೈ ಆ ಗುಂಡಿಯ ಮೇಲೆ ಬಿತ್ತು.

"ರೀ! ಅದ್ಯಾಕೆ ತುಟಿ ಚೂಪು ಮಾಡ್ಕೊಂಡಿದೀರಿ? ರಸ್ತೆ ನೋಡಿ!"

ಧ್ವನಿ ಬಂದದ್ದು ಅವರ ಕಿವಿಯ ಪಕ್ಕದ ಸಣ್ಣ ಹಿತ್ತಾಳೆ ಜಾಲರಿಯ ಸ್ಪೀಕರಿನಿಂದ. ಮೈದಾನದ ಕಂಠ, ಈಗ ವಿದ್ಯುತ್ತಿನ ಬೆಂಬಲದೊಡನೆ.

"ಕೇಳಿಸ್ತಾ ಇದೆ, ಕಿರುಚಬೇಡ!" ಎಂದು ಅವರೂ ಕಿರುಚಿದರು. ಹೆಂಡತಿ ಕಿವಿಗೆ ಕೈ ಆನಿಸಿ, ಏನೂ ಕೇಳದೆಂದು ಸಂತೋಷದಿಂದ ತಲೆಯಾಡಿಸಿದಳು. ಕಾರು ಕಟ್ಟಿದವರ ಪದ್ಧತಿಯೇ ಅದು: ಅಪ್ಪಣೆ ಹಿಂದಿನಿಂದ ಮುಂದಕ್ಕೆ ಹೋಗಬೇಕು, ಚಾಲಕನ ಉತ್ತರ ಯಾರಿಗೂ ಬೇಕಿಲ್ಲ. ಗಾಜು ಇಳಿಸೋಣವೆಂದರೆ ಅದರ ಹಿಡಿಯೂ ಹಿಂದೆಯೇ, ಆಕೆಯ ಮೊಣಕಾಲ ಬಳಿ!

ದಾರಿಯುದ್ದಕ್ಕೂ ಜಾಲರಿ ಬಾಯಿ ಮುಚ್ಚಲಿಲ್ಲ.

ನಾದಿನಿಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ಕಾರನ್ನು ಕಂಡು ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದ, ಹೆಂಡತಿ ಆಗಷ್ಟೇ ಗಾಜಿಳಿಸಿದ್ದ ಹಿಂದಿನ ಕಿಟಕಿಗೆ. ಆಮೇಲೆ ಮುಂದಿನ ಕಿಟಕಿಗೆ ಬಂದ.

"ಮೇಡಂನ ಇಲ್ಲಿಳಿಸಿ, ಗಾಡಿ ಹಿಂದ್ಗಡೆ ತಗೊಂಡು ಹೋಗಪ್ಪ. ಡ್ರೈವರ್‌ಗಳೆಲ್ಲ ಅಲ್ಲೇ ಕೂರೋದು."

"ನಾನು ಡ್ರೈವರ್ ಅಲ್ಲ, ನಾನು ಇವರ..." ಎಂದು ಗ್ರಂಥಪಾಲಕರು ಬಾಯಿ ತೆರೆದರು.

ಜಾಲರಿ ಮುಂಚಿತು. "ಪಾಪ, ವಾಚ್‌ಮನ್‌ಗೆ ತೊಂದ್ರೆ ಕೊಡಬೇಡಿ. ನೆರಳು ನೋಡಿ ನಿಲ್ಲಿಸಿ. ಊಟಕ್ಕೆ ಹೇಳಿಕಳಿಸ್ತೀನಿ."