ಹೆಸರು ಹಿಡಿಯದ ಕೋಚ್

ಬೈಸಿಕೊಳ್ಳುವುದರಲ್ಲಿಯೂ ಒಂದು ವ್ಯವಸ್ಥೆ ಇರಬೇಕು ಎಂದು ನಂಬಿದವನು ನಾನು. ಕಚೇರಿಯಲ್ಲಿ ಬೈಸಿಕೊಂಡವನು ಮನೆಗೆ ಬಂದು ಹೆಂಡತಿಯ ಮುಂದೆ ಸಾಹೇಬರನ್ನು ಬೈದು ಹಗುರಾಗಬೇಕು. ಮನೆಯಲ್ಲಿ ಬೈಸಿಕೊಂಡವನು ಕಚೇರಿಗೆ ಹೋಗಿ, ಚಹಾದಂಗಡಿಯ ಮುಂದೆ ನಿಂತು, ಸಂಸಾರದ ಬಗ್ಗೆ ಒಂದು ನಿಟ್ಟುಸಿರು ಬಿಡಬೇಕು. ಜಗತ್ತು ಇಷ್ಟು ದಿನ ಸುರಳೀತ ನಡೆದಿರುವುದೇ ಹೀಗೆ. ನನ್ನ ತೊಂದರೆ ಏನೆಂದರೆ, ಬೆಳಿಗ್ಗೆ ರಸ್ತೆಯ ಮೇಲೆ ನನ್ನನ್ನು ಬೈಯುವವಳೂ ಆಮೇಲೆ ನನ್ನ ತಾಟಿಗೆ ರೊಟ್ಟಿ ಹಾಕುವವಳೂ ಒಬ್ಬಳೇ. ನಾನು ಹಾನಗಲ್ಲಿನ ಸೈಕಲ್ ತಂಡದ ಒಬ್ಬ ಸವಾರ. ನನ್ನ ಹೆಂಡತಿ ಸುಮಂಗಲಾ ಆ ತಂಡದ ಕೋಚ್. ಕೋಚ್ ಬಗ್ಗೆ ಮನೆಯಲ್ಲಿ ದೂರು ಹೇಳುವಂತಿಲ್ಲ, ಹೆಂಡತಿಯ ಬಗ್ಗೆ ತಂಡದಲ್ಲಿ ಗೊಣಗುವಂತಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಐವತ್ತರ ಹತ್ತಿರ ಬಂದಾಗ ಸಕ್ಕರೆ ಕಾಯಿಲೆಯೂ ಹತ್ತಿರ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ಹೇಳುವುದು ಸುಲಭ, ಆದರೆ ಹಾನಗಲ್ಲಿನಲ್ಲಿ ಒಬ್ಬ ಮಾಸ್ತರನಾದವನು ನಡೆಯುವುದು ಹೇಗೆ? ಹತ್ತು ಹೆಜ್ಜೆ ಇಡುವಷ್ಟರಲ್ಲಿ ಯಾರಾದರೊಬ್ಬ ಹಳೆಯ ವಿದ್ಯಾರ್ಥಿ ಬೈಕ್ ನಿಲ್ಲಿಸಿ, "ಯಾಕ್ರಿ ಸರ, ಗಾಡಿ ಕೆಟ್ಟೈತೇನ್ರಿ? ಕುಂತ್ರಿ, ಬಿಡ್ತೇನಿ" ಅನ್ನುತ್ತಾನೆ. ಇಲ್ಲಪ್ಪ, ಸುಮ್ಮನೆ ನಡೆಯಲಿಕ್ಕೆ ಬಂದೇನಿ ಅಂದರೆ ಮನೆಯಲ್ಲಿ ಜಗಳವಾಗಿದೆ ಎಂದು ತಿಳಿಯುತ್ತಾನೆ. ಹೀಗೆ ಆರೋಗ್ಯಕ್ಕೆಂದು ಹೊರಟವನು ದಿನಾ ಯಾರದೋ ಬೈಕಿನ ಹಿಂದೆ ಕೂತು ಮನೆಗೆ ಬರತೊಡಗಿದೆ. ಕೊನೆಗೆ ಸೈಕಲ್ ಕೊಂಡೆ. ಸೈಕಲ್ ಮೇಲೆ ಇದ್ದವನನ್ನು ಯಾರೂ ಕೂಡಿಸಿಕೊಳ್ಳುವುದಿಲ್ಲ.

ಆಗಲೇ ಊರಲ್ಲಿ ಮೂವರು ತೆಳ್ಳನೆಯ ಗಾಲಿಯ ಸೈಕಲ್ಲುಗಳನ್ನು ಇಟ್ಟುಕೊಂಡು ಬೆಳಿಗ್ಗೆ ಹೊರಡುತ್ತಿದ್ದರು. ಸಕ್ಕರೆ ಗುಳಿಗೆ ಮಾರುವುದರ ಜೊತೆಗೆ ತಾನೂ ನುಂಗುವ ಔಷಧ ಅಂಗಡಿಯ ವೀರಣ್ಣ, ವೆಲ್ಡಿಂಗ್ ಅಂಗಡಿಯ ದಾದಾಪೀರ್, ತಾಲ್ಲೂಕು ಕಚೇರಿಯ ಮಾಲತೇಶ. ವರ್ಷಕ್ಕೊಮ್ಮೆ ನಡೆಯುವ ತಂಡಗಳ ರೇಸಿಗೆ ನಾಲ್ವರು ಬೇಕು, ನಾಲ್ಕನೆಯವನಿಗಾಗಿ ಕಾಯುತ್ತಿದ್ದರು. ಅವರಿಗೆ ಬೇಕಾಗಿದ್ದು ಸಂಖ್ಯೆ, ಹಾಗಾಗಿ ನನ್ನ ಯೋಗ್ಯತೆಯನ್ನು ಯಾರೂ ಪರೀಕ್ಷಿಸಲಿಲ್ಲ. ಮೊದಲ ದಿನ ನಾನು ಮೈಗಂಟುವ ಆ ಸವಾರರ ಉಡುಪು ತೊಟ್ಟು ಹೊರಗೆ ಬಂದಾಗ ಸುಮಂಗಲಾ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ತಂಬಿಗೆ ಕೈಯಲ್ಲೇ ನಿಂತಿತು. "ರೀ, ಮ್ಯಾಲೊಂದು ಟಾವೆಲರ ಸುತ್ತಕೋರಿ, ಓಣಿ ದಾಟೂತನ" ಅಂದಳು. ನಾನು ಟಾವೆಲ್ ಸುತ್ತಿಕೊಂಡೇ ಓಣಿ ದಾಟಿದೆ.

ಅವಳು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಊರಿಗೆಲ್ಲ ಪಿ.ಟಿ. ಅಕ್ಕಾರು. ತವರು ಇಲ್ಲೇ ಅಕ್ಕಿಆಲೂರು. ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ದಾಂಡಿನ ಕೆಳಗಿಂದ ಕಾಲು ತೂರಿಸಿ ಅಕ್ಕಿಮಿಲ್ಲಿನವರೆಗೂ ಹೋಗಿ ಬರುತ್ತಿದ್ದಳಂತೆ. ಓಣಿಯ ಹುಡುಗರನ್ನೆಲ್ಲ ಹಿಂದೆ ಹಾಕುತ್ತಿದ್ದಳಂತೆ. ಒಂದು ಬೆಳಿಗ್ಗೆ ನಾನು ಮರೆತ ನೀರಿನ ಬಾಟಲಿ ಕೊಡಲು ಸ್ಕೂಟಿಯಲ್ಲಿ ಹಿಂದೆ ಬಂದವಳು, ನಾವು ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಡ್ಡ ಬಂದು ನಿಲ್ಲಿಸಿ, ವೀರಣ್ಣನ ಸೀಟು ತಗ್ಗಾಗಿದೆ, ದಾದಾಪೀರ್ ಮೊದಲೇ ದಣಿಯುತ್ತಾನೆ, ಮಾಲತೇಶ ಗಾಳಿಗೆ ಹೆದರಿ ಮುಂದೆ ಬರುವುದೇ ಇಲ್ಲ ಎಂದು ಪಟಪಟನೆ ಹೇಳಿದಳು. ನನ್ನ ತಪ್ಪು ಹೇಳಲಿಲ್ಲ. ಅದನ್ನು ಮನೆಯಲ್ಲಿ ಹೇಳಿದಳು, ಬಹಳ ಹೊತ್ತು ಹೇಳಿದಳು. ವೀರಣ್ಣ ಕೈಮುಗಿದು, "ಅಕ್ಕಾರ, ಇನ್ ಮ್ಯಾಲ ನೀವ ನಮ್ಮನ್ನ ತಿದ್ದರಿ" ಅಂದ. ಹೀಗೆ ಅವಳು ಕೋಚ್ ಆದಳು. ಮನೆಯಲ್ಲಿ ಅನ್ನ ಅರ್ಧವಾಯಿತು. ಸವಣೂರಿನ ಖಾರಾ, ಆ ಕರಿದ ಕುರುಕು ತಿಂಡಿ, ಪೂರ್ತಿ ಬಂದ್ ಆಯಿತು. ಚಹಾದ ಜೊತೆ ಒಂದು ಮುಷ್ಟಿ ಖಾರಾ ಇಲ್ಲದೆ ನನಗೆ ಸಂಜೆ ಆಗುವುದೇ ಇಲ್ಲ. ಅರ್ಥಶಾಸ್ತ್ರದ ಪುಸ್ತಕಗಳ ಹಿಂದೆ ಒಂದು ಪೊಟ್ಟಣ ಬಚ್ಚಿಟ್ಟಿದ್ದೆ. ಅದೂ ಸಿಕ್ಕಿತು. ಈಗಿನ ಜಾಗವನ್ನು ನಿಮಗೂ ಹೇಳುವುದಿಲ್ಲ.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯಿತು. ಸುಮಂಗಲಾ ನನ್ನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಹೊಸ ಮದುಮಗಳಿಂದ ಒಮ್ಮೆ ಮಾತ್ರ, ಒಡಪಿನಲ್ಲಿ ಕಟ್ಟಿ, ಹೆಂಗಸರು ಒತ್ತಾಯ ಮಾಡಿ ಹೇಳಿಸುತ್ತಾರೆ. ನಮ್ಮ ಮದುವೆಯಲ್ಲಿ ಅವಳು ಬಾಗಿಲಲ್ಲಿ ನಿಂತು, "ಹಿತ್ತಲದಾಗಿನ ಮಲ್ಲಿಗಿ ನಸುಕಿನ್ಯಾಗ ಅರಳಿತು, ಶಿವಾನಂದರ ಹೆಸರ ಹೇಳಾಕ ನಾಲಿಗಿ ಈಗ ಹೊರಳಿತು" ಅಂದಿದ್ದಳು. ಆಮೇಲೆ ಆ ನಾಲಿಗೆ ಮತ್ತೆ ಆ ಕಡೆ ಹೊರಳಲಿಲ್ಲ. ಶಾಲೆಯಲ್ಲಿ ಆರುನೂರು ಹುಡುಗಿಯರ ಹೆಸರು ಹಿಡಿದು ಒದರುವವಳು, ನನಗೆ ಮಾತ್ರ "ರೀ".

ಮನೆಯಲ್ಲಿ "ರೀ" ಸಾಕು, ಯಾಕೆಂದರೆ ಮನೆಯಲ್ಲಿ ಇರುವ ರೀ ನಾನೊಬ್ಬನೇ. ಸೈಕಲ್ ತಂಡದಲ್ಲಿ ಸಾಲದು. ಎದುರುಗಾಳಿಯಲ್ಲಿ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಮುಂದಿನವನು ಗಾಳಿ ಒಡೆಯುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ದಣಿವಾರಿಸಿಕೊಳ್ಳುತ್ತಾರೆ. ಮುಂದಿನವನು ಸೋತಾಗ ಬದಿಗೆ ಸರಿದು ಕೊನೆಗೆ ಬರಬೇಕು. ಯಾರು ಯಾವಾಗ ಸರಿಯಬೇಕೆಂದು ಹೇಳುವುದೇ ಹಿಂದೆ ಸ್ಕೂಟಿಯಲ್ಲಿರುವ ಕೋಚ್ ಕೆಲಸ. "ವೀರಣ್ಣ, ಸರೀರಿ!" ಅಂದರೆ ವೀರಣ್ಣ ಸರಿಯುತ್ತಾನೆ. "ರೀ, ಸರೀರಿ!" ಅಂದರೆ? ನಾಲ್ವರೂ ಸರಿಯುತ್ತಿದ್ದೆವು. ಒಮ್ಮೆ ಮಾಲತೇಶ ಸರಿದು ಗೋವಿನಜೋಳದ ಹೊಲದೊಳಗೇ ಹೋದ. ಆಮೇಲೆ ನಂಬರ್ ಕೊಟ್ಟಳು. ಸಾಲು ಸುತ್ತುತ್ತಾ ಇರುವುದರಿಂದ ನಾಲ್ಕನೇ ನಂಬರ್ ಯಾರು ಎಂಬುದರ ಬಗ್ಗೆ ನನಗೂ ದಾದಾಪೀರನಿಗೂ ರಸ್ತೆಯ ಮೇಲೇ ವಾದವಾಯಿತು. ಕೊನೆಗೆ ನನಗಾಗಿ ಸೀಟಿ ಬಂತು. ಒಂದು ಸೀಟಿ ಊದಿದರೆ ನಿಧಾನ ಮಾಡಿ ಬದಿಗೆ ಸರಿ, ಎರಡು ಊದಿದರೆ ಹೊಡಿ. ಎತ್ತಿಗಾದರೂ ಬಾಯಿಂದ ಹೇಳುತ್ತಾರೆ ಎಂದು ಅನಿಸಿತು, ಅನ್ನಲಿಲ್ಲ.

ಇದನ್ನೆಲ್ಲ ನಮ್ಮ ಸೈಕಲ್ ಸಂಘದ ಅಧ್ಯಕ್ಷರು, ಅಡಿಕೆ ವ್ಯಾಪಾರಿ ಗುರುಶಾಂತಪ್ಪನವರು ನೋಡುತ್ತಿದ್ದರು. ಒಂದು ದಿನ ಮನೆಗೇ ಬಂದು, ಚಹಾ ಕುಡಿದು, ಬಸಿಯನ್ನು ಮೆಲ್ಲಗೆ ಕೆಳಗಿಟ್ಟು, "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಗಂಡನ ಹೆಸರ ಹಿಡದು ಒದರಾಕ ಆಗದವರು ಗಂಡಸರ ಟೀಮ್ ಹೆಂಗ ಓಡಸ್ತೀರಿ? ಈ ಸಲಾನೂ ಹೋದ ವರ್ಷದಂಗ ಕಡೀಕ ಬಂದ್ರ, ಶಿಗ್ಗಾಂವಿ ಕಡೆಯವರೊಬ್ಬರನ್ನ ಕೋಚ್ ಅಂತ ಕರಸೋಣು" ಅಂದರು.

ಸುಮಂಗಲಾ ಬಸಿ ಎತ್ತಿಕೊಂಡು ಒಳಗೆ ಹೋದಳು. ಅಂದು ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿಸಿತು. ಊಟಕ್ಕೆ ಕೂತಾಗ ತಾನಾಗಿ ಹೇಳಿದಳು: "ನಾ ಸಣ್ಣಾಕಿ ಇದ್ದಾಗ ನಮ್ಮೂರಾಗ ಸೈಕಲ್ ರೇಸ್ ಇಟ್ಟಿದ್ರು. ಹುಡುಗ್ಯಾರು ಹೆಸರ ಕೊಡಾಂಗಿಲ್ಲ ಅಂದ್ರು. ಗೆದ್ದವ ನನ್ನ ಕೂಡ ಯಾವತ್ತೂ ಗೆದ್ದಿರಲಿಲ್ಲ. ಈ ಕೆಲಸ ನನಗ ಬೇಕ್ರಿ." ಇಷ್ಟು ವರ್ಷಗಳಲ್ಲಿ ಅವಳು ನನ್ನಲ್ಲಿ ಇದು ಬೇಕು ಎಂದು ಕೇಳಿದ್ದು ಕಡಿಮೆ. ಸೀರೆ ಕೊಡಿಸುವುದಾದರೆ ಕೊಡಿಸಬಹುದಿತ್ತು. ಇದಕ್ಕೆ ನನ್ನ ಮೊಣಕಾಲುಗಳೇ ಬೇಕಾಗಿದ್ದವು. ಆ ಮೊಣಕಾಲುಗಳನ್ನು ನೋಡಿಕೊಂಡು ನನಗೆ ನಿಜವಾಗಿಯೂ ಸಂಕಟವಾಯಿತು.

ರೇಸು ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ. ಸವಣೂರು, ಶಿಗ್ಗಾಂವಿ, ಹಿರೇಕೆರೂರು ಮತ್ತು ನಾವು, ಒಟ್ಟು ನಾಲ್ಕು ತಂಡ. ಸ್ವಲ್ಪ ಸ್ವಲ್ಪ ಹೊತ್ತಿನ ಅಂತರದಲ್ಲಿ ಒಂದೊಂದೇ ತಂಡವನ್ನು ಹೊರಡಿಸುತ್ತಾರೆ. ತಂಡದ ಸಮಯ ಎಂದರೆ ಅದರ ಕೊನೆಯ ಸವಾರ ಗೆರೆ ದಾಟಿದ ಸಮಯ. ಅರ್ಥಾತ್ ಮೂವರು ಕುದುರೆಯ ಹಾಗೆ ಓಡಿ ಬಂದರೂ ಪ್ರಯೋಜನವಿಲ್ಲ, ಎಲ್ಲ ನಿಂತಿರುವುದು ನಾಲ್ಕನೆಯವನ ಮೇಲೆ. ನಾಲ್ಕನೆಯವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ನಾವು ಚೆನ್ನಾಗಿಯೇ ಹೋದೆವು. ನನ್ನ ಪಾಳಿ ಬಂದಾಗಲೆಲ್ಲ ಗಾಳಿ ಒಡೆದೆ, ಸೀಟಿ ಒಂದಾದರೆ ಸರಿದೆ, ಎರಡಾದರೆ ಹೊಡೆದೆ. ನನ್ನ ಬಗ್ಗೆ ನನಗೇ ಗೌರವ ಹುಟ್ಟುತ್ತಿದ್ದಾಗ ಅಕ್ಕಿಆಲೂರು ಬಂತು. ಅಂದು ಸಂತೆ. ರಸ್ತೆಯ ಎರಡೂ ಬದಿ ಚೀಲ, ಬುಟ್ಟಿ, ಮಂದಿ. ಬಸ್ ಸ್ಟ್ಯಾಂಡ್ ಮುಂದೆ ಒಂದು ಬಸ್ಸು ಬರುತ್ತಿತ್ತು. ಅದರೊಳಗಿಂದ ಕಂಡಕ್ಟರ್ ನಿಲ್ಲಿಸಲು ಒಂದು ಸೀಟಿ ಊದಿದ.

ನಾನು ನಿಧಾನ ಮಾಡಿ ಬದಿಗೆ ಸರಿದೆ, ಬದಿಯಲ್ಲಿ ಬುಟ್ಟಿಗಳು ಅಡ್ಡ ಬಂದು ನಿಂತೆ. ಬಸ್ಸೂ ನಿಂತಿತು. ಉಳಿದ ಮೂವರು ಮುಂದೆ ಹೋಗಿಬಿಟ್ಟರು. ತಿಂಗಳುಗಟ್ಟಲೆ ಪಳಗಿಸಿದ ಕಾಲು ನೋಡಿ, ಸೀಟಿ ಯಾರದೆಂದು ಅದು ಕೇಳಲಿಲ್ಲ. ಅಷ್ಟೇ ಆಗಿದ್ದರೆ ಮತ್ತೆ ಹೊರಡಬಹುದಿತ್ತು. ಆದರೆ ನಾನು ನಿಂತದ್ದು ಬಟ್ಟೆ ಅಂಗಡಿಯ ಕಟ್ಟೆಯ ಮುಂದೆ. ಕಟ್ಟೆಯ ಮೇಲೆ ನಮ್ಮ ಅತ್ತೆಯವರು ಓಣಿಯ ಹೆಂಗಸರನ್ನು ಕಟ್ಟಿಕೊಂಡು, ಮಗಳ ತಂಡವನ್ನು ನೋಡಲು ನಿಂತಿದ್ದರು. ತಮ್ಮನ್ನು ಕಂಡೇ ಅಳಿಯ ಇಳಿದನೆಂದು ಅವರ ಮುಖ ಅರಳಿತು. "ನೋಡ್ರೆವ್ವಾ, ರೇಸಿನ್ಯಾಗೂ ನಮ್ಮ ಅಳಿಯಂದಿರು ನಿಂತ್ರು! ಬರ್ರಿ, ಮಜ್ಜಿಗಿ ತಗೋರಿ" ಎಂದು ಸ್ಟೀಲಿನ ಲೋಟ ಮುಂದೆ ಹಿಡಿದರು. ಅತ್ತೆಯವರು ಕೊಟ್ಟ ಮಜ್ಜಿಗೆಯನ್ನು ಒಲ್ಲೆ ಎನ್ನಲು ಯಾವ ಕೋಚೂ ನನಗೆ ಕಲಿಸಿರಲಿಲ್ಲ. ಲೋಟ ಇಸಿದುಕೊಂಡೆ. ಇಂಗು, ಕೊತ್ತಂಬರಿ ಹಾಕಿದ ಮಜ್ಜಿಗೆ.

ಆಗ ಸಂತೆಯ ಮಂದಿಯಲ್ಲಿ ಸಿಕ್ಕು ಹಿಂದೆ ಉಳಿದಿದ್ದ ಸ್ಕೂಟಿ ಬಂತು. ನಾನು ಒಂದು ಕಾಲು ನೆಲಕ್ಕೂರಿ ಮಜ್ಜಿಗೆ ಕುಡಿಯುತ್ತಿರುವುದನ್ನು ಸುಮಂಗಲಾ ಕಂಡಳು. ಜೋರಾಗಿ ಎರಡು ಸೀಟಿ ಊದಿದಳು. ಡ್ರೈವರ್ ರೈಟ್ ಎಂದು ತಿಳಿದು ಬಸ್ಸು ಬಿಟ್ಟ. ಮೂಟೆ ಇಳಿಸಿಕೊಡಲು ಕೆಳಗಿಳಿದಿದ್ದ ಕಂಡಕ್ಟರ್, "ಯಾರವ್ವಾ ಸೀಟಿ ಹೊಡದಾಕಿ!" ಎನ್ನುತ್ತ ಅದರ ಹಿಂದೆ ಓಡಿದ. "ರೀ!" ಎಂದು ಕೂಗಿದಳು. ಉಳ್ಳಾಗಡ್ಡಿ ಮಾರುವವನಿಂದ ಹಿಡಿದು ಬಳೆಗಾರನವರೆಗೆ ಇಡೀ ಸಂತೆ ಅವಳ ಕಡೆ ತಿರುಗಿತು. ನಾನು ಮಾತ್ರ ತಿರುಗಲಿಲ್ಲ, ನನ್ನ ಮುಖ ಲೋಟದಲ್ಲಿತ್ತು.  ಆಮೇಲೆ ತವರಿನ ನಡುಬೀದಿಯಲ್ಲಿ, ಹೆತ್ತ ತಾಯಿಯ ಎದುರಿನಲ್ಲಿ, ಆ ದನಿ ಬಂತು.

"ಏ ಶಿವಾನಂದಾ! ಯಾಕ ನಿಂತ್ಯೋ? ತುಳಿಯೋ!"

ನಾನು ತುಳಿದೆ. ಹೇಗೆ ತುಳಿದೆನೋ ನನಗೆ ಗೊತ್ತಿಲ್ಲ. ಊರ ಹೊರಗೆ ನಿಧಾನ ಮಾಡಿ ಕಾಯುತ್ತಿದ್ದ ಮೂವರನ್ನು ದಾಟಿ ಮುಂದೆ ಹೋಗಿದ್ದೆನಂತೆ, ಅವರೇ ನನ್ನನ್ನು ಹಿಡಿಯಬೇಕಾಯಿತಂತೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಹೀಗೆ ಬರಿ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಊರಿಗೆಲ್ಲ ನಾನು ಸರ, ಮನೆಯಲ್ಲಿ ರೀ. ಶಿವಾನಂದ ಎಂಬ ಒಬ್ಬ ಇನ್ನೂ ಇದ್ದಾನೆ, ಅವನಿಗೆ "ತುಳಿಯೋ" ಅಂದರೆ ತುಳಿಯುತ್ತಾನೆ ಎಂಬುದನ್ನು ನಾನೇ ಮರೆತಿದ್ದೆ. ಬೆನ್ನಿಗೆ ಯಾರೋ ಕೈ ಹಚ್ಚಿ ನೂಕಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ದಾದಾಪೀರ್ ಕೇಳಿದಾಗ ಗಾಳಿ ಅಂದೆ.

ನಾವು ಮೂರನೆಯವರಾಗಿ ಬಂದೆವು. ಸವಣೂರಿನವರು ನಮಗಿಂತ ತುಸು ಹಿಂದೆ ಬಿದ್ದರು. ನಾಲ್ಕರಲ್ಲಿ ಮೂರನೆಯ ಸ್ಥಾನ ನಿಮಗೆ ಸಣ್ಣದಾಗಿ ಕಾಣಬಹುದು, ವೀರಣ್ಣ ಅಂಗಡಿಯಲ್ಲಿ ಪೇಢೆ ಹಂಚಿದ. ಗೆರೆಯ ಹತ್ತಿರ ಗುರುಶಾಂತಪ್ಪನವರು ಮಾಲೆ ಹಿಡಿದು ನಿಂತಿದ್ದರು. ನಾನು ತಲೆ ಬಾಗಿಸಿದೆ. ಅವರು ನನ್ನನ್ನು ದಾಟಿಹೋಗಿ, ಮಾಲೆಯನ್ನು ಸುಮಂಗಲಾಳ ಕೈಗೆ ಕೊಟ್ಟು, "ಒದರಿದ್ರಂತಲ್ರಿ ಅಕ್ಕಾರ! ನಿಮ್ಮ ಟೀಮ್‌ಕಿಂತ ಮೊದಲ ಸುದ್ದಿ ಬಂದು ಮುಟ್ಟೈತಿ. ಮುಂದಿನ ವರ್ಷಾನೂ ನೀವ ನಡಸ್ರಿ" ಅಂದರು. ಅವಳು ಮಾಲೆಯನ್ನು ಸ್ಕೂಟಿಯ ಹ್ಯಾಂಡಲ್ಲಿಗೆ ಹಾಕಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಸೈಕಲ್ಲಿನ ಗಾಳಿ ನೋಡತೊಡಗಿದಳು.  ನನ್ನ ಅಂಗಿಯ ಹಿಂದಿನ ಕಿಸೆಯಲ್ಲಿ ಅತ್ತೆಯವರ ಲೋಟವಿತ್ತು.

ಸಂಜೆ ಅತ್ತೆಯವರ ಫೋನು ಬಂತು. ಲೋಟದ ವಿಚಾರವಲ್ಲ. "ಗಂಡನ ಹೆಸರ ಹಿಡದೀಯಲ್ಲ, ಅದೂ ಸಂತ್ಯಾಗ! ಅವರ ಆಯುಷ್ಯದ ಗತಿ ಏನ?" ಎಂದು ಗದರಿಸುವುದು ನನಗೂ ಕೇಳಿಸಿತು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳಲೇನ? ಓಣ್ಯಾಗಿನ ಹೆಂಗಸರು ಇನ್ನೂ ನಿನ್ನ ಮಾತ ಆಡಾಕತ್ತಾರ" ಅಂದರು. ಸುಮಂಗಲಾ ಮರುದಿನ ತಾರಕೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಅಲ್ಲಿಗೇ ಬಿಡಲಿಲ್ಲ. ಕಡಿಮೆಯಾದ ಆಯುಷ್ಯವನ್ನು ತುಂಬಿಸಬೇಕೆಂದು ನನ್ನ ದಿನದ ಓಟವನ್ನು ಆಡೂರಿನವರೆಗೆ ಹೆಚ್ಚಿಸಿದಳು. ಮತ್ತೆ ಸೀಟಿಯೇ ಗತಿಯಾಯಿತು.

ಅಂದಿನಿಂದ ನನಗೊಂದು ಚಟ ಹತ್ತಿದೆ. ಏರು ಬಂದ ಕೂಡಲೇ ಬೇಕೆಂತಲೇ ಹಿಂದೆ ಬೀಳುತ್ತೇನೆ. ಸೀಟಿ ಕೇಳಿಸಿದರೂ ಕೇಳಿಸದವನ ಹಾಗೆ ಕಾಲೆಳೆಯುತ್ತೇನೆ. ಅವಳಿಗೆ ಸಿಟ್ಟು ಬರಬೇಕು, ಇನ್ನೊಮ್ಮೆ ಬಾಯಿ ತಪ್ಪಿಯಾದರೂ ಕರೆಯಬೇಕು. ಆಯುಷ್ಯ ಒಂದಿಷ್ಟು ಹೋದರೆ ಹೋಗಲಿ. ಮೊನ್ನೆ ಕೆರೆಯ ಹತ್ತಿರದ ಏರಿನಲ್ಲಿ ಸ್ಕೂಟಿ ನನ್ನ ಪಕ್ಕಕ್ಕೇ ಬಂತು. ಅವಳು ಸೀಟಿಯನ್ನು ಬಾಯಿಂದ ತೆಗೆದಳು. ನಾನು ಉಸಿರು ಹಿಡಿದೆ.

"ರೀ" ಅಂದಳು ಮೆಲ್ಲಗೆ. "ನೀವು ಯಾಕ ಹಿಂದ ಬೀಳಾಕತ್ತೀರಿ ಅಂತ ನನಗ ಗೊತ್ತೈತಿ."

ಐವತ್ತರ ವಯಸ್ಸಿನಲ್ಲಿ ನನ್ನ ಮುಖ ಕೆಂಪಾಯಿತು.

"ಖಾರಾ ಎಲ್ಲಿ ಬಚ್ಚಿಟ್ಟೀರಿ? ಖರೇ ಹೇಳ್ರಿ."

ನಿಜವಾದ ಕಾರಣ ಹೇಳಲು ನಾಚಿಕೆಯಾಯಿತು. ಜಾಗ ಹೇಳಿಬಿಟ್ಟೆ.